ಲೂಯಿಸಾಳ ಎರಡನೆಯ ಹೆಸರು

1942ರಲ್ಲಿ ಲಿಯೋನಾ ರೋಸ್ಟೆನ್‌ಬರ್ಗ್ ಮತ್ತು ಮೆಡಲೀನ್ ಸ್ಟರ್ನ್ ಎಂಬ ಇಬ್ಬರು ವಿದ್ವಾಂಸ ಗೆಳತಿಯರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಐದು ಹಳೆಯ ಪತ್ರಗಳು ಸಿಕ್ಕವು. ಬರೆದವನು 1860ರ ದಶಕದಲ್ಲಿ ಬಾಸ್ಟನ್ ನಗರದಲ್ಲಿ ಅಗ್ಗದ ವಾರಪತ್ರಿಕೆ ನಡೆಸುತ್ತಿದ್ದ ಜೇಮ್ಸ್ ಎಲಿಯಟ್. ಕೊಲೆ, ಕಪಟ, ಸೇಡು, ವೇಷಾಂತರಗಳ ಕಥೆಗಳನ್ನು ಬರೆಯುತ್ತಿದ್ದ ಎ. ಎಂ. ಬರ್ನಾರ್ಡ್ ಎಂಬ ಲೇಖಕ ಯಾರು ಎಂಬುದು ಆ ಪತ್ರಗಳಿಂದ ಬಯಲಾಯಿತು. ಆ ಹೆಸರಿನ ಹಿಂದೆ ಇದ್ದವಳು ‘ಲಿಟ್ಲ್ ವಿಮೆನ್’ ಬರೆದ ಲೂಯಿಸಾ ಮೇ ಆಲ್ಕಾಟ್. ಮಕ್ಕಳಿಗೆ ಸದ್ಗುಣ ಕಲಿಸುವ ಅವಿವಾಹಿತ ಚಿಕ್ಕಮ್ಮನಂತೆ ಅಮೆರಿಕ ಗೌರವಿಸುತ್ತಿದ್ದ ಲೇಖಕಿ.

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಅರ್ಥಶಾಸ್ತ್ರ ಓದಿ, ಸೇವಾವಧಿಯನ್ನೆಲ್ಲ ಕಡತಗಳ ನಡುವೆ ಕಳೆದವನು. ಅದಕ್ಕೇ ಇರಬೇಕು, ನಿವೃತ್ತಿಯ ನಂತರ ಆಕೆಯ ಜೀವನಚರಿತ್ರೆ ಓದತೊಡಗಿದಾಗ ನನ್ನ ಗಮನ ಸೆಳೆದದ್ದು ಕಥೆಗಳಿಗಿಂತ ಆಕೆ ವರ್ಷವರ್ಷವೂ ಬರೆದಿಟ್ಟ ಸಂಪಾದನೆಯ ಲೆಕ್ಕ. ಯಾವ ಕಥೆಗೆ ಎಷ್ಟು ಡಾಲರ್ ಬಂತು, ಹೊಲಿಗೆಯಿಂದ ಎಷ್ಟು, ಪಾಠ ಹೇಳಿ ಎಷ್ಟು ಎಂಬುದೆಲ್ಲ ಅಲ್ಲಿದೆ. ಬರ್ನಾರ್ಡ್ ಎಂಬ ಹೆಸರು ಏಕೆ ಬೇಕಾಯಿತೆಂಬ ಪ್ರಶ್ನೆಗೆ ಉತ್ತರದ ಬಹುಪಾಲು ಆ ಲೆಕ್ಕದಲ್ಲೇ ಇದೆಯೆಂದು ನನ್ನ ಅಭಿಪ್ರಾಯ.

1832ರ ನವೆಂಬರ್ 29ರಂದು ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ಹುಟ್ಟಿದ ಲೂಯಿಸಾಳ ತಂದೆ ಬ್ರಾನ್ಸನ್ ಆಲ್ಕಾಟ್ ತತ್ವಜ್ಞಾನಿ, ಶಿಕ್ಷಣತಜ್ಞ. ಎಮರ್ಸನ್ ಮತ್ತು ಥೋರೋ ಆತನ ಮಿತ್ರರು. ಗುಲಾಮಗಿರಿಯ ವಿಷಯದಲ್ಲಿ ಆತ ಎಳ್ಳಷ್ಟೂ ರಾಜಿಯಾದವನಲ್ಲ. ಬಾಸ್ಟನ್ನಿನಲ್ಲಿ ನಡೆಸುತ್ತಿದ್ದ ಶಾಲೆಗೆ 1839ರಲ್ಲಿ ಕಪ್ಪುವರ್ಣದ ಬಾಲಕಿಯೊಬ್ಬಳನ್ನು ಸೇರಿಸಿಕೊಂಡಾಗ ಉಳಿದ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿದರು. ಆತ ಆ ಬಾಲಕಿಯನ್ನು ಕೈಬಿಡಲಿಲ್ಲ, ಶಾಲೆ ಮುಚ್ಚಿತು. ಇಂಥ ಮನುಷ್ಯನನ್ನು ಗೌರವಿಸದೆ ಇರಲಾಗದು. ಆದರೆ ಆ ಮನೆಯಲ್ಲಿ ಒಲೆ ಉರಿಯುವುದು ಹೇಗೆ ಎಂಬ ಚಿಂತೆ ಆತನಿಗೆ ಎಂದೂ ಕಾಡಿದಂತಿಲ್ಲ.

1843ರಲ್ಲಿ ಆತ ಮತ್ತು ಸಂಗಡಿಗರು ಮ್ಯಾಸಚೂಸೆಟ್ಸಿನ ಹಳ್ಳಿಗಾಡಿನಲ್ಲಿ ‘ಫ್ರೂಟ್‌ಲ್ಯಾಂಡ್ಸ್’ ಎಂಬ ಆದರ್ಶ ಸಮುದಾಯವನ್ನು ಕಟ್ಟಹೊರಟರು. ಗುಲಾಮರು ಬೆಳೆದದ್ದೆಂದು ಹತ್ತಿಬಟ್ಟೆ ವರ್ಜ್ಯ, ಕುರಿಯಿಂದ ಕಸಿದದ್ದೆಂದು ಉಣ್ಣೆ ವರ್ಜ್ಯ. ಹಾಲು, ಬೆಣ್ಣೆ, ಮಾಂಸ ಯಾವುದೂ ಇಲ್ಲ. ನಾರುಬಟ್ಟೆ ತೊಟ್ಟು ಮ್ಯಾಸಚೂಸೆಟ್ಸಿನ ಚಳಿಯನ್ನು ಎದುರಿಸಬೇಕು. ಫಸಲು ಕೈಗೆ ಬರುವ ಹೊತ್ತಿಗೆ ಗಂಡಸರು ತತ್ವಪ್ರಚಾರಕ್ಕೆ ಹೊರಟರೆಂದೂ, ಮಳೆಗಾಳಿ ಎರಗುವ ಮುನ್ನ ತಾಯಿ ಅಬಿಗೇಲ್ ಮಕ್ಕಳೊಡನೆ ಬುಟ್ಟಿಯಲ್ಲಿ ಬಾರ್ಲಿ ಹೊತ್ತು ತಂದಳೆಂದೂ ಲೂಯಿಸಾ ಮೂವತ್ತು ವರ್ಷಗಳ ಮೇಲೆ ಒಂದು ವಿಡಂಬನೆಯಲ್ಲಿ ಬರೆದಿದ್ದಾಳೆ. ಪ್ರಯೋಗ ಏಳೆಂಟು ತಿಂಗಳಲ್ಲಿ ಮುಗಿಯಿತು. ಆಗ ಆಕೆಗೆ ಹನ್ನೊಂದು ವರ್ಷ. ತತ್ವಕ್ಕೆ ತಗಲುವ ವೆಚ್ಚವನ್ನು ಮನೆಯಲ್ಲಿ ಯಾರು ಭರಿಸುತ್ತಾರೆಂಬುದು ಆ ವಯಸ್ಸಿಗೇ ಆಕೆಗೆ ತಿಳಿದಿತ್ತು.

ಹಾಗೆಂದು ಆಕೆ ಆ ತತ್ವಗಳನ್ನು ತೊರೆಯಲಿಲ್ಲ. 1847ರಲ್ಲಿ ದಕ್ಷಿಣದಿಂದ ತಪ್ಪಿಸಿಕೊಂಡು ಬಂದ ಗುಲಾಮನೊಬ್ಬನಿಗೆ ಕಾಂಕರ್ಡ್ ಊರಿನ ಅವರ ಮನೆ ಆಶ್ರಯ ನೀಡಿತು. 1859ರಲ್ಲಿ ಗಲ್ಲಿಗೇರಿದ ಜಾನ್ ಬ್ರೌನನ ಇಬ್ಬರು ಹೆಣ್ಣುಮಕ್ಕಳು ಓದಲು ಕಾಂಕರ್ಡಿಗೆ ಬಂದಾಗ ಕೆಲಕಾಲ ಆಲ್ಕಾಟರ ಮನೆಯಲ್ಲೇ ಇದ್ದರು. ತಾಯಿ ಅಬಿಗೇಲ್ 1853ರಲ್ಲೇ ಮಹಿಳೆಯರಿಗೆ ಮತದಾನದ ಹಕ್ಕು ಕೋರಿ ರಾಜ್ಯದ ಸಂವಿಧಾನ ಸಭೆಗೆ ಮನವಿ ಸಲ್ಲಿಸಿದವಳು. ಬಿಳಿಯ ಹೆಣ್ಣೊಬ್ಬಳು ಗುಲಾಮನಾಗಿದ್ದ ಮಿಶ್ರವರ್ಣದ ಗಂಡಸನ್ನು ಮದುವೆಯಾಗುವ ‘ಎಂ. ಎಲ್.’ ಕಥೆಯನ್ನು ಲೂಯಿಸಾ ಬರೆದದ್ದು 1860ರಲ್ಲಿ. ಅದು ಅಚ್ಚಾಗಲು 1863ರವರೆಗೆ ಕಾಯಬೇಕಾಯಿತು.

ಅಂತರ್ಯುದ್ಧ ನಡೆಯುತ್ತಿದ್ದ 1862ರ ಡಿಸೆಂಬರಿನಲ್ಲಿ ಆಕೆ ದಾದಿಯಾಗಿ ರಾಜಧಾನಿಯ ಜಾರ್ಜ್‌ಟೌನಿನ ಸೈನಿಕ ಆಸ್ಪತ್ರೆ ಸೇರಿದಳು. ಕೆಲವೇ ವಾರಗಳಲ್ಲಿ ವಿಷಮಶೀತ ಜ್ವರ ಹಿಡಿಯಿತು. ಪಾದರಸದ ಔಷಧ ಕೊಟ್ಟರು. ಮುಂದೆ ಜೀವನವಿಡೀ ಕಾಡಿದ ಅನಾರೋಗ್ಯಕ್ಕೆ ಅದೇ ಕಾರಣವೆಂದು ಆಕೆ ನಂಬಿದ್ದಳು. ಅದೇ ಜನವರಿಯಲ್ಲಿ ಆಕೆಯ ಒಂದು ರೋಚಕ ಕಥೆ ನೂರು ಡಾಲರ್ ಬಹುಮಾನ ಗೆದ್ದು ನ್ಯೂಯಾರ್ಕಿನ ಸಚಿತ್ರ ವಾರಪತ್ರಿಕೆಯಲ್ಲಿ ಹೆಸರಿಲ್ಲದೆ ಪ್ರಕಟವಾಯಿತು. 1854ರಲ್ಲಿ ಬಂದ ಮೊದಲ ಪುಸ್ತಕದಿಂದ ಆಕೆಗೆ ದೊರೆತದ್ದು 32 ಡಾಲರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮುಂದಿನ ನಡೆ ಅರ್ಥವಾಗುತ್ತದೆ.

ಆದರೂ ಎಲ್ಲವನ್ನೂ ಹಣಕ್ಕೇ ಕಟ್ಟಿಬಿಡುವುದು ನಮ್ಮಂಥ ಅರ್ಥಶಾಸ್ತ್ರದವರ ಚಟ. 1865ರಲ್ಲಿ ಬಂದ ‘ವಿ. ವಿ.’ ಕಥೆಯಲ್ಲಿ ಪತ್ತೇದಾರನೊಬ್ಬನಿದ್ದಾನೆ; ಎಡ್ಗರ್ ಅಲನ್ ಪೋ 1841ರಲ್ಲಿ ಸೃಷ್ಟಿಸಿದ ಪತ್ತೇದಾರನ ಸಂತತಿಯವನು. ಅಮೆರಿಕದ ಮಹಿಳೆಯೊಬ್ಬಳು ಬರೆದ ಮೊದಮೊದಲ ಪತ್ತೇದಾರಿ ಕಥೆಗಳಲ್ಲಿ ಅದೂ ಒಂದು. 1866ರ ‘ಬಿಹೈಂಡ್ ಎ ಮಾಸ್ಕ್’ ಇನ್ನೂ ಗಟ್ಟಿಯಾದದ್ದು. ಹತ್ತೊಂಬತ್ತರ ಮುಗ್ಧೆಯಂತೆ ಶ್ರೀಮಂತರ ಮನೆಗೆ ಪಾಠ ಹೇಳಲು ಬರುವ ಜೀನ್ ಮ್ಯೂರ್ ವಾಸ್ತವವಾಗಿ ಮೂವತ್ತರ ನಟಿ. ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಕಟ್ಟಿಸಿಕೊಂಡ ಹಲ್ಲು, ಸೇರಿಸಿಕೊಂಡ ಜಡೆಗಳನ್ನು ತೆಗೆದಿಡುತ್ತಾಳೆ. ಮನೆಯ ಗಂಡಸರನ್ನೆಲ್ಲ ಆಟವಾಡಿಸಿ ಕೊನೆಗೆ ಪದವಿಯುಳ್ಳ ವೃದ್ಧ ಸಿರಿವಂತನನ್ನು ವರಿಸುತ್ತಾಳೆ. ಆಕೆಗೆ ಶಿಕ್ಷೆಯಾಗುವುದಿಲ್ಲ. ಆ ಕಾಲದ ಮರ್ಯಾದಸ್ಥ ಸಾಹಿತ್ಯದಲ್ಲಿ ಇಂಥ ಮುಕ್ತಾಯಕ್ಕೆ ಎಡೆಯಿರಲಿಲ್ಲ. ಹೆಣ್ಣಿಗೆ ಸಂಪಾದನೆಯ ದಾರಿಗಳು ಮುಚ್ಚಿದ್ದಾಗ ಉಳಿಯುವ ದಾರಿ ಯಾವುದೆಂದು ಲೂಯಿಸಾ ಸಭೆಯಲ್ಲಿ ಹೇಳಲಾಗದ್ದನ್ನು ಬರ್ನಾರ್ಡನಿಂದ ಹೇಳಿಸಿದಳು. ನಿಜವಾದ ಹೆಸರು ಹಾಕಲು ಒಪ್ಪಿದರೆ ಹೆಚ್ಚು ಹಣ ಕೊಡುವೆನೆಂದು ಎಲಿಯಟ್ ಮುಂದೆ ಬಂದ. ಹಣದ ಅಷ್ಟೊಂದು ಅಗತ್ಯವಿದ್ದೂ ಆಕೆ ಒಪ್ಪಲಿಲ್ಲ.

1868ರಲ್ಲಿ ಪ್ರಕಾಶಕ ಥಾಮಸ್ ನೈಲ್ಸ್ ಹುಡುಗಿಯರಿಗಾಗಿ ಒಂದು ಪುಸ್ತಕ ಬರೆದುಕೊಡಲು ಕೇಳಿದ. ಮನಸ್ಸಿಲ್ಲದೆ ಬರೆದ ‘ಲಿಟ್ಲ್ ವಿಮೆನ್’ ಮನೆಯ ಹಳೆಯ ಸಾಲಗಳನ್ನೆಲ್ಲ ತೀರಿಸಿತು. ಒಮ್ಮೆಗೇ ಹಣ ಪಡೆದು ಕೈತೊಳೆದುಕೊಳ್ಳದೆ ಹಕ್ಕುಸ್ವಾಮ್ಯ ಉಳಿಸಿಕೊಂಡದ್ದು ಆಕೆಯ ಜೀವನದ ಅತ್ಯಂತ ಲಾಭದಾಯಕ ನಿರ್ಧಾರ. ಆ ಕಾದಂಬರಿಯ ಜೋ ರೋಚಕ ಕಥೆಗಳನ್ನು ಬರೆದು, ಸಜ್ಜನ ಪ್ರೊಫೆಸರನ ಮಾತಿಗೆ ನಾಚಿ ಒಲೆಗೆ ಹಾಕುತ್ತಾಳೆ. ಆದರೆ ಜೋಳನ್ನು ಸೃಷ್ಟಿಸಿದವಳು 1877ರಲ್ಲೂ ಅಂಥದೇ ಕಾದಂಬರಿಯೊಂದನ್ನು ಹೆಸರಿಲ್ಲದೆ ಪ್ರಕಟಿಸಿದಳು. ‘ಬಿಹೈಂಡ್ ಎ ಮಾಸ್ಕ್’ ಆಕೆಯ ಸ್ವಂತ ಹೆಸರಿನಲ್ಲಿ ಬಂದದ್ದು 1975ರಲ್ಲಿ, ಸ್ಟರ್ನ್ ಸಂಪಾದಿಸಿದ ಸಂಕಲನದ ಮೂಲಕ.

1879ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಶಾಲಾ ಸಮಿತಿಯ ಚುನಾವಣೆಗೆ ಮಾತ್ರ ಮಹಿಳೆಯರಿಗೆ ಮತ ನೀಡಿದಾಗ ಕಾಂಕರ್ಡಿನಲ್ಲಿ ಮೊದಲು ಹೆಸರು ನೋಂದಾಯಿಸಿದವಳು ಲೂಯಿಸಾ. ಊರ ಹೆಂಗಸರನ್ನು ಹುರಿದುಂಬಿಸಲು ಮನೆಮನೆ ಅಲೆದಳು. 1880ರ ಮಾರ್ಚ್ ತಿಂಗಳ ಸಭೆಗೆ ಬಂದು ಮತ ಹಾಕಿದವರು ಇಪ್ಪತ್ತೇ ಮಂದಿ. ಹೆಂಗಸರು ಮೊದಲು ಮತ ಹಾಕಲೆಂದು ಸೂಚಿಸಿದವನು ಎಂಬತ್ತರ ಬ್ರಾನ್ಸನ್. ಅವರದು ಮುಗಿಯುತ್ತಲೇ ಮತದಾನ ಮುಗಿಸೋಣವೆಂದು ನ್ಯಾಯಾಧೀಶರೊಬ್ಬರು ಸೂಚಿಸಿದರು, ಸಭೆ ಒಪ್ಪಿತು. ಹೀಗೆ ಆ ವರ್ಷ ಕಾಂಕರ್ಡಿನ ಶಾಲಾ ಸಮಿತಿಯನ್ನು ಆರಿಸಿದವರು ಹೆಂಗಸರು ಮಾತ್ರ!

ಆ ಹೊತ್ತಿಗೆ ಮನೆಯ ಭಾರವೆಲ್ಲ ಆಕೆಯದೇ. ತಂಗಿ ಮೇ 1879ರ ಡಿಸೆಂಬರಿನಲ್ಲಿ ಬಾಣಂತನದಲ್ಲಿ ತೀರಿಕೊಂಡಾಗ ಆ ಹಸುಗೂಸನ್ನು ಲೂಯಿಸಾ ಸಾಕಿಕೊಂಡಳು. ಲೇಖಕರು ಸತ್ತ ಮೇಲೆ ಹಕ್ಕುಸ್ವಾಮ್ಯವನ್ನು ನವೀಕರಿಸಲು ಅಂದಿನ ಕಾನೂನಿನಲ್ಲಿ ಅವರ ವಿಧವೆಗೆ ಅಥವಾ ಮಕ್ಕಳಿಗೆ ಮಾತ್ರ ಅವಕಾಶವಿತ್ತು. ಆಕೆಗೆ ಮಕ್ಕಳಿರಲಿಲ್ಲ. ಆದ್ದರಿಂದ 1887ರಲ್ಲಿ ಅಕ್ಕ ಆ್ಯನಳ ಮಗ, ಆಗಲೇ ಪ್ರಾಪ್ತವಯಸ್ಕನಾಗಿದ್ದ ಜಾನ್ ಪ್ರಾಟ್‌ನನ್ನು ಶಾಸ್ತ್ರೋಕ್ತವಾಗಿ ದತ್ತು ಪಡೆದಳು; ಪುಸ್ತಕಗಳ ಆದಾಯ ಕುಟುಂಬದಲ್ಲೇ ಉಳಿಯುವಂತಾಯಿತು. ಮರುವರ್ಷ ಮಾರ್ಚ್ 4ರಂದು ಬ್ರಾನ್ಸನ್ ತೀರಿಕೊಂಡ. ಎರಡು ದಿನಗಳ ನಂತರ, ಮಾರ್ಚ್ 6ರಂದು, ಐವತ್ತೈದರ ಲೂಯಿಸಾ.