ದಾನಚಿಂತಾಮಣಿ ಅತ್ತಿಮಬ್ಬೆ

ಗದಗ ಜಿಲ್ಲೆಯ ಇತಿಹಾಸದಲ್ಲಿ ಕರುಣೆ ಮತ್ತು ದಾನಗುಣಕ್ಕೆ ಪರ್ಯಾಯವಾಗಿ ನಿಂತ ಹೆಸರು ಅತ್ತಿಮಬ್ಬೆಯದು. ಹತ್ತನೆಯ ಶತಮಾನದ ಉತ್ತರಾರ್ಧದಿಂದ ಹನ್ನೊಂದನೆಯ ಶತಮಾನದ ಆರಂಭದವರೆಗೆ, ಅಂದರೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯ ಮೊದಲ ಘಟ್ಟದಲ್ಲಿ ಬಾಳಿದ ಈ ಮಹಿಳೆ ರಾಣಿಯಾಗಿರಲಿಲ್ಲ, ಕಾವ್ಯ ರಚಿಸಿದವಳೂ ಅಲ್ಲ. ಆದರೂ ಕವಿಗಳು ಆಕೆಯನ್ನು ಹಾಡಿ ಹೊಗಳಿದರು, ಶಾಸನಗಳು ಆಕೆಯ ಕಾರ್ಯಗಳನ್ನು ಕಲ್ಲಿನಲ್ಲಿ ದಾಖಲಿಸಿದವು. ಬೇಡಿದ್ದನ್ನು ಕೊಡುವ ರತ್ನವೆಂಬ ಅರ್ಥದ ದಾನಚಿಂತಾಮಣಿ ಎಂಬ ಬಿರುದು ಸಾವಿರ ವರ್ಷಗಳ ನಂತರವೂ ಆಕೆಯ ಹೆಸರಿನೊಂದಿಗೆ ಉಳಿದುಬಂದಿದೆ.

ಮನೆತನ

ಅತ್ತಿಮಬ್ಬೆಯ ಪೂರ್ವಿಕರು ವೆಂಗಿ ಪ್ರದೇಶದ ಕಮ್ಮೆನಾಡಿಗೆ ಸೇರಿದ ಪುಂಗನೂರಿನವರು. ಅಜ್ಜ ನಾಗಮಯ್ಯ. ತಂದೆ ಮಲ್ಲಪಯ್ಯ. ಚಿಕ್ಕಪ್ಪ ಪುನ್ನಮಯ್ಯ. ಈ ಸಹೋದರರಿಬ್ಬರೂ ಶೂರರಾಗಿದ್ದಂತೆಯೇ ಸಾಹಿತ್ಯಪ್ರೇಮಿಗಳೂ ಆಗಿದ್ದರು. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದವರು ಇವರೇ. ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನ ಚರಿತ್ರೆ ಈ ಕಾವ್ಯದ ವಸ್ತು. ಹೀಗೆ ಕಾವ್ಯಕ್ಕೂ ಧರ್ಮಕ್ಕೂ ಸಮಾನ ಗೌರವವಿದ್ದ ಜೈನ ಮನೆಯಲ್ಲಿ ಅತ್ತಿಮಬ್ಬೆ ಮತ್ತು ಆಕೆಯ ತಂಗಿ ಗುಂಡಮಬ್ಬೆ ಬೆಳೆದರು.

ವಿವಾಹ ಮತ್ತು ವಿಯೋಗ

ಕ್ರಿ.ಶ. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ಸ್ಥಾಪಿಸಿದ ಎರಡನೆಯ ತೈಲಪನಿಗೆ ದಲ್ಲಪನೆಂಬ ಮಂತ್ರಿಯಿದ್ದನು. ದಲ್ಲಪನ ಮಗ ನಾಗದೇವನೊಡನೆ ಅಕ್ಕತಂಗಿಯರಿಬ್ಬರಿಗೂ ವಿವಾಹವಾಯಿತು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗನು ಜನಿಸಿದನು. ಅಧಿಕಾರ, ಸಂಪತ್ತು ಮತ್ತು ನೆಮ್ಮದಿಯಿಂದ ಕೂಡಿದ್ದ ಈ ಸಂಸಾರವು ನಾಗದೇವನ ಅಕಾಲ ಮರಣದಿಂದ ಒಮ್ಮೆಲೇ ಕುಸಿಯಿತು. ಅಂದಿನ ಪದ್ಧತಿಯನ್ನು ಅನುಸರಿಸಿ ಗುಂಡಮಬ್ಬೆಯು ಪತಿಯ ಚಿತೆಯನ್ನೇರಿದಳು. ಗಂಡನನ್ನೂ ಒಡಹುಟ್ಟಿದ ತಂಗಿಯನ್ನೂ ಅತ್ತಿಮಬ್ಬೆಯು ಒಟ್ಟಿಗೇ ಕಳೆದುಕೊಂಡಳು.

ಅತ್ತಿಮಬ್ಬೆಯ ಬದುಕಿನ ನಿರ್ಣಾಯಕ ಘಳಿಗೆ ಇದೇ ಆಗಿದೆ. ಆಕೆಯು ಬದುಕುವ ದಾರಿಯನ್ನು ಆರಿಸಿಕೊಂಡಳು. ಮಗನನ್ನು ಸಾಕಿ ಸಲಹುವ ಹೊಣೆಯನ್ನು ಹೊತ್ತಳು. ವ್ರತನಿಯಮಗಳಿಂದ ತನ್ನ ಅಗತ್ಯಗಳನ್ನು ಅತ್ಯಲ್ಪಕ್ಕೆ ಇಳಿಸಿಕೊಂಡಳು. ಹಾಗೆಂದು ಲೋಕಕ್ಕೆ ಬೆನ್ನು ತಿರುಗಿಸಿ ಅರಣ್ಯಕ್ಕೆ ಹೋಗಲಿಲ್ಲ. ಮನೆ, ಮಗ, ಆಸ್ತಿ ಮತ್ತು ಆಶ್ರಿತರ ನಡುವೆಯೇ ಇದ್ದು, ತನಗಾಗಿ ಬೇಡವೆಂದು ಬಿಟ್ಟ ಸಂಪತ್ತನ್ನು ಇತರರ ಅಗತ್ಯದ ಕಡೆಗೆ ಹರಿಸಿದಳು. ದುಃಖವನ್ನು ಮರೆಯಲು ಯತ್ನಿಸುವ ಬದಲು ಅದನ್ನು ದಿನನಿತ್ಯದ ಸೇವೆಯನ್ನಾಗಿ ಮಾರ್ಪಡಿಸಿದ್ದು ಆಕೆಯ ಹಿರಿಮೆ.

ಶಾಸ್ತ್ರದಾನ

ಜೈನ ಸಂಪ್ರದಾಯದಲ್ಲಿ ಆಹಾರ, ಔಷಧ, ಅಭಯ ಮತ್ತು ಶಾಸ್ತ್ರ ಎಂದು ದಾನವು ನಾಲ್ಕು ವಿಧ. ಹಸಿದವರಿಗೆ ಅನ್ನ, ರೋಗಿಗಳಿಗೆ ಮದ್ದು, ಭಯಪಟ್ಟವರಿಗೆ ರಕ್ಷಣೆ, ತಿಳಿಯಬಯಸುವವರಿಗೆ ಗ್ರಂಥ ಎಂಬುದು ಇದರ ಸಾರ. ಮೊದಲ ಮೂರರ ಅಗತ್ಯವು ಎಲ್ಲರ ಕಣ್ಣಿಗೂ ಬೀಳುತ್ತದೆ. ನಾಲ್ಕನೆಯದರ ಕೊರತೆಯು ಸುಲಭವಾಗಿ ಕಾಣುವುದಿಲ್ಲ. ಅತ್ತಿಮಬ್ಬೆಯು ಅದನ್ನೂ ಕಂಡಳು.

ಅಂದು ಗ್ರಂಥಗಳು ತಾಳೆಗರಿಯ ಮೇಲೆ ಇರುತ್ತಿದ್ದವು. ಗರಿಗಳನ್ನು ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಟವೆಂಬ ಮೊನಚಾದ ಕಡ್ಡಿಯಿಂದ ಅಕ್ಷರಗಳನ್ನು ಕೊರೆದು, ಕಾಣುವಂತೆ ಕಪ್ಪು ಸವರಿ, ರಂಧ್ರಗಳಲ್ಲಿ ದಾರ ಪೋಣಿಸಿ ಕಟ್ಟಬೇಕಾಗಿತ್ತು. ಒಂದು ದೊಡ್ಡ ಕಾವ್ಯದ ಒಂದು ಪ್ರತಿಗೆ ಬಹಳ ದಿನಗಳ ದುಡಿಮೆ ಬೇಕು. ಹುಳ, ತೇವ ಮತ್ತು ಬೆಂಕಿಯಿಂದ ಗರಿಗಳು ನಾಶವಾಗುತ್ತಿದ್ದವು. ಮತ್ತೆ ಪ್ರತಿ ಮಾಡಿಸುವವರು ಇಲ್ಲದಿದ್ದರೆ ಕವಿಯ ಜೀವಮಾನದ ಶ್ರಮವು ಕೆಲವೇ ತಲೆಮಾರುಗಳಲ್ಲಿ ಅಳಿದುಹೋಗುತ್ತಿತ್ತು.

ತನ್ನ ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ್ದ ಶಾಂತಿಪುರಾಣಕ್ಕೆ ಇಂಥ ಗತಿ ಬಾರದಿರಲೆಂದು ಅತ್ತಿಮಬ್ಬೆಯು ಅದರ 1000 ಪ್ರತಿಗಳನ್ನು ಮಾಡಿಸಿ ದಾನವಾಗಿ ಹಂಚಿದಳು. ಕನ್ನಡ ನಾಡಿಗೆ ಮುದ್ರಣಯಂತ್ರ ಬರುವುದಕ್ಕೆ ಎಂಟು ಶತಮಾನಗಳಿಗೂ ಮೊದಲು ಒಬ್ಬ ಮಹಿಳೆಯು ಕೈಗೊಂಡ ಈ ಕಾರ್ಯವು ಕನ್ನಡ ಗ್ರಂಥಪ್ರಸಾರದ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಇದರಿಂದ ಲಿಪಿಕಾರರಿಗೆ ಉದ್ಯೋಗ ದೊರೆಯಿತು, ಓದುಗರಿಗೆ ಕಾವ್ಯ ದೊರೆಯಿತು. ಪೊನ್ನನ ಕಾವ್ಯವು ಇಂದಿಗೂ ಓದಲು ಸಿಗುತ್ತಿದೆ. ಇದಲ್ಲದೆ ಚಿನ್ನ ಮತ್ತು ರತ್ನಗಳಿಂದ 1500 ಜಿನಬಿಂಬಗಳನ್ನು ಮಾಡಿಸಿ ಆಕೆಯು ದಾನ ನೀಡಿದಳೆಂದು ಪರಂಪರೆಯು ತಿಳಿಸುತ್ತದೆ.

ಕವಿಗೆ ಆಶ್ರಯ

ಮುಧೋಳದ ಬಳೆಗಾರರ ಕುಟುಂಬದಲ್ಲಿ ಜನಿಸಿದ ರನ್ನನು ಅತ್ತಿಮಬ್ಬೆಯ ಪ್ರೋತ್ಸಾಹದಿಂದ ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಎರಡನೆಯ ತೀರ್ಥಂಕರನಾದ ಅಜಿತನಾಥನ ಕಥೆಯನ್ನು ಹೇಳುವ ಈ ಕಾವ್ಯದಲ್ಲಿ ರನ್ನನು ತನ್ನ ಆಶ್ರಯದಾತೆಯ ಮನೆತನ, ಶೋಕ, ವ್ರತ ಮತ್ತು ದಾನಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಅತ್ತಿಮಬ್ಬೆಯ ಜೀವನಚರಿತ್ರೆಗೆ ಇದೇ ಮುಖ್ಯ ಆಧಾರ. ಕೃತಜ್ಞತೆಯ ಗುರುತಾಗಿ ರನ್ನನು ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟನು. ಉಪಕಾರ ಪಡೆದವನು ಅದನ್ನು ತನ್ನ ಮನೆಯಲ್ಲಿ ದಿನವೂ ನೆನೆಯುವಂತೆ ಮಾಡಿಕೊಂಡ ಈ ಸಂಗತಿಯು ಯಾವ ಬಿರುದಿಗೂ ಕಡಿಮೆಯಾದುದಲ್ಲ.

ಆಕೆಯ ಕುರಿತು ಹಲವು ಐತಿಹ್ಯಗಳೂ ಪ್ರಚಲಿತವಾಗಿವೆ. ಜಿನಬಿಂಬವನ್ನು ತಲೆಯ ಮೇಲಿರಿಸಿಕೊಂಡು ನಿಂತಾಗ ಗೋದಾವರಿಯ ಪ್ರವಾಹವು ಇಳಿಯಿತೆಂದೂ, ಶ್ರವಣಬೆಳಗೊಳದ ಗೊಮ್ಮಟನ ದರ್ಶನಕ್ಕೆ ಬೆಟ್ಟವೇರಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ತಂಪೆರೆಯಿತೆಂದೂ ಹೇಳಲಾಗುತ್ತದೆ. ಇವನ್ನು ಪವಾಡಗಳೆಂದು ನಂಬುವವರಿಗೂ ನಂಬದವರಿಗೂ ಒಂದು ಮಾತು ಸ್ಪಷ್ಟ. ಆಕೆಯ ಶಾಂತಚಿತ್ತವು ಸಮಕಾಲೀನರ ಮನಸ್ಸಿನ ಮೇಲೆ ಆಳವಾದ ಪ್ರಭಾವವನ್ನು ಬೀರಿತ್ತು.

ಲಕ್ಕುಂಡಿಯ ಬ್ರಹ್ಮಜಿನಾಲಯ

ಗದಗ ನಗರದಿಂದ ಪೂರ್ವಕ್ಕೆ, ಕೊಪ್ಪಳದ ಮಾರ್ಗದಲ್ಲಿ ಸುಮಾರು 12 ಕಿ.ಮೀ. ದೂರದಲ್ಲಿರುವ ಲಕ್ಕುಂಡಿಯನ್ನು ಶಾಸನಗಳು ಲೊಕ್ಕಿಗುಂಡಿ ಎಂದು ಕರೆದಿವೆ. ಟಂಕಸಾಲೆಯಿದ್ದ ಈ ಊರು ಅಂದು ಸಿರಿವಂತ ವರ್ತಕರ ನೆಲೆಯಾಗಿತ್ತು. ಅತ್ತಿಮಬ್ಬೆಯು ಇಲ್ಲಿ ಕಟ್ಟಿಸಿದ ಬಸದಿಗೆ ಸಂಬಂಧಿಸಿದ ಶಾಸನವು ಕ್ರಿ.ಶ. 1007ನೆಯ ವರ್ಷಕ್ಕೆ ಸೇರಿದ್ದು, ತೈಲಪನ ಮಗ ಸತ್ಯಾಶ್ರಯನು ಆಗ ರಾಜ್ಯವಾಳುತ್ತಿದ್ದನು. ನಯವಾದ ಕೆತ್ತನೆಗೆ ಒದಗುವ ಬಳಪದ ಜಾತಿಯ ಕಲ್ಲಿನಿಂದ ನಿರ್ಮಿತವಾದ ಬ್ರಹ್ಮಜಿನಾಲಯವು ಇಂದಿಗೂ ಸುಸ್ಥಿತಿಯಲ್ಲಿದೆ. ನಾಲ್ಕು ಮುಖಗಳ ಬ್ರಹ್ಮನ ಶಿಲ್ಪ ಮತ್ತು ಪದ್ಮಾವತಿಯ ಶಿಲ್ಪಗಳು ಇಲ್ಲಿನ ಆಕರ್ಷಣೆಗಳಾಗಿವೆ.

ಡಂಬಳದ ಬೌದ್ಧ ವಿಹಾರಗಳು

ಅತ್ತಿಮಬ್ಬೆಯ ನಂತರವೂ ಲಕ್ಕುಂಡಿಯ ದಾನಪರಂಪರೆಯು ಮುಂದುವರಿಯಿತು, ಒಂದೇ ಮತದ ಎಲ್ಲೆಯೊಳಗೆ ನಿಲ್ಲಲೂ ಇಲ್ಲ. ಈಗ ಮುಂಡರಗಿ ತಾಲ್ಲೂಕಿಗೆ ಸೇರಿದ ಡಂಬಳವು ಅಂದು ಧರ್ಮವೊಳಲು ಎಂದು ಪ್ರಸಿದ್ಧವಾಗಿತ್ತು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಶಕ 1017ರ, ಅಂದರೆ ಕ್ರಿ.ಶ. 1095ರ ಶಾಸನವು ಇಲ್ಲಿದ್ದ ಎರಡು ಬೌದ್ಧ ವಿಹಾರಗಳನ್ನು ಹೆಸರಿಸುತ್ತದೆ. ಒಂದು, ಆ ಊರಿನ ಹದಿನಾರು ಮಂದಿ ಶೆಟ್ಟರು ಕಟ್ಟಿಸಿದ ಬುದ್ಧನ ವಿಹಾರ. ಇನ್ನೊಂದು, ಲೊಕ್ಕಿಗುಂಡಿಯ ಸಂಗವಯ್ಯ ಶೆಟ್ಟಿಯು ಕಟ್ಟಿಸಿದ ಆರ್ಯತಾರಾದೇವಿಯ ವಿಹಾರ. ತಾರಾದೇವಿಯು ಬೌದ್ಧರಲ್ಲಿ ಕರುಣೆಯ ದೇವತೆ, ಸಂಕಟದಲ್ಲಿರುವವರನ್ನು ದಾಟಿಸುವವಳು. ಅತ್ತಿಮಬ್ಬೆಯು ಬಸದಿ ಕಟ್ಟಿಸಿದ ಊರಿನವನೇ ಆದ ವರ್ತಕನೊಬ್ಬನು ನೂರು ವರ್ಷಗಳೊಳಗೆ ನೆರೆಯೂರಿನಲ್ಲಿ ಈ ದೇವಿಗೆ ನೆಲೆ ಕಲ್ಪಿಸಿದನು.

ಎರಡೂ ಧರ್ಮಗಳ ಬೋಧನೆಗಳಲ್ಲಿಯೂ ಈ ಸಾಮೀಪ್ಯವನ್ನು ಕಾಣಬಹುದು. ಎಲ್ಲ ಜೀವಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಇತರರ ಒಳಿತಿನಲ್ಲಿ ಸಂತೋಷ ಮತ್ತು ತನಗೆ ಪ್ರತಿಕೂಲವಾದಾಗಲೂ ಸಮಚಿತ್ತ ಎಂಬ ನಾಲ್ಕು ಭಾವನೆಗಳನ್ನು ಬೌದ್ಧರು ಬ್ರಹ್ಮವಿಹಾರಗಳೆಂದು ಕರೆದು ನಿತ್ಯವೂ ಧ್ಯಾನಿಸುತ್ತಾರೆ. ಜೈನರ ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ಹೆಸರುಗಳಿಂದ ಹೆಚ್ಚುಕಡಿಮೆ ಇವೇ ನಾಲ್ಕನ್ನು ಹೇಳುತ್ತದೆ. ಬೌದ್ಧರ ಪಾರಮಿತೆಗಳಲ್ಲಿ ಮೊದಲನೆಯದು ದಾನ. ಕೊಡುವ ಕೈ ಸಡಿಲವಾದಂತೆ ನನ್ನದು ಎಂಬ ಬಿಗಿತವೂ ಸಡಿಲವಾಗಿ ಮನಸ್ಸಿಗೆ ಶಾಂತಿ ದೊರೆಯುತ್ತದೆ ಎಂಬುದು ಇದರ ತಾತ್ಪರ್ಯ. ಅತ್ತಿಮಬ್ಬೆಯ ಬಾಳಿನಲ್ಲಿ ಇದು ನಡೆದು ತೋರಿದ ಸತ್ಯವಾಗಿದೆ.

ಪರಂಪರೆ ಮತ್ತು ಇಂದಿನ ಸ್ಮರಣೆ

ಜಿಲ್ಲೆಯ ಇತರ ಊರುಗಳಲ್ಲಿಯೂ ಇದೇ ಔದಾರ್ಯದ ಕುರುಹುಗಳಿವೆ. ಹಿಂದೆ ಪುಲಿಗೆರೆ ಎನಿಸಿದ್ದ ಲಕ್ಷ್ಮೇಶ್ವರದಲ್ಲಿ ಪ್ರಾಚೀನ ಶಂಖಬಸದಿಯೂ ಸೋಮೇಶ್ವರ ದೇವಾಲಯವೂ ಇವೆ. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ ಮುಸ್ಲಿಮರ ಭಾವೈಕ್ಯಕ್ಕೆ ಹೆಸರಾಗಿದೆ. ಗದಗದ ವೀರೇಶ್ವರ ಪುಣ್ಯಾಶ್ರಮವು ಅಂಧ ಮಕ್ಕಳಿಗೆ ಅನ್ನ, ಆಶ್ರಯ ಮತ್ತು ಸಂಗೀತ ವಿದ್ಯೆಯನ್ನು ನೀಡುತ್ತಾ ಬಂದಿದೆ.

ಕರ್ನಾಟಕ ಸರ್ಕಾರವು ಮಹಿಳಾ ಸಾಹಿತಿಗಳಿಗೆ ನೀಡುವ ಪ್ರಶಸ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಇರಿಸಿ ಆಕೆಯನ್ನು ಗೌರವಿಸಿದೆ. ಸಾವಿರ ಪ್ರತಿಗಳನ್ನು ಮಾಡಿಸುವ ಸಂಪತ್ತು ಎಲ್ಲರಲ್ಲಿಯೂ ಇರುವುದಿಲ್ಲ. ಆದರೆ ಸಂಕಟದ ಕಾಲದಲ್ಲಿಯೂ ಪಕ್ಕದವರ ಅಗತ್ಯವನ್ನು ಗಮನಿಸುವುದು, ಓದಲು ಬಾರದವರಿಗೆ ಒಂದು ಅರ್ಜಿಯನ್ನು ತುಂಬಿಕೊಡುವುದು, ವೃದ್ಧರಿಗೆ ಸರದಿಯಲ್ಲಿ ಜಾಗ ಬಿಟ್ಟುಕೊಡುವುದು, ಓದಿ ಮುಗಿಸಿದ ಪುಸ್ತಕವನ್ನು ಬೇಕಾದ ವಿದ್ಯಾರ್ಥಿಗೆ ತಲುಪಿಸುವುದು ಯಾರಿಗೂ ಅಸಾಧ್ಯವಲ್ಲ. ಇವೂ ಅದೇ ದಾನಗಳ ಚಿಕ್ಕ ರೂಪಗಳು.

ಸಂದರ್ಶಕರ ಗಮನಕ್ಕೆ

ಲಕ್ಕುಂಡಿಯ ಬ್ರಹ್ಮಜಿನಾಲಯವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದು, ಸಮೀಪದಲ್ಲಿಯೇ ಶಿಲ್ಪಗಳ ವಸ್ತುಸಂಗ್ರಹಾಲಯವಿದೆ. ಗದಗದಿಂದ ಲಕ್ಕುಂಡಿಗೆ ಬಸ್ಸಿನಲ್ಲಿ ತೆರಳಬಹುದು. ಡಂಬಳದಲ್ಲಿ ನಕ್ಷತ್ರಾಕಾರದ ತಳವಿನ್ಯಾಸವುಳ್ಳ ದೊಡ್ಡಬಸಪ್ಪ ದೇವಾಲಯವನ್ನು ನೋಡಬಹುದು. ಶಾಸನಗಳ ಮತ್ತು ಗೋಡೆಗಳ ಮೇಲೆ ಗೀಚದೆ, ಶಿಲ್ಪಗಳನ್ನು ಮುಟ್ಟಿ ಸವೆಸದೆ, ಈ ಸ್ಮಾರಕಗಳನ್ನು ಮುಂದಿನ ಪೀಳಿಗೆಗೆ ಉಳಿಸುವುದು ಸಾರ್ವಜನಿಕರೆಲ್ಲರ ಕರ್ತವ್ಯವಾಗಿದೆ.