ಹುಣಸೂರು ಸೀಮೆಯ ಹುಡುಗ ವಿಧಾನಸೌಧ ಹತ್ತಿದ ಹಾದಿ

ದಿನಾ ಬೆಳಿಗ್ಗೆ ಹುಣಸೂರು ಕಡೆಯ ಬಸ್ಸಿಳಿದು ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ ಕೆಲಸಕ್ಕೆ ಹೋಗೋ ಹುಡುಗರನ್ನ ನೋಡಿ. ಆ ರಸ್ತೆ ಯಾವ ಅರಸನ ಹೆಸರಿನದು ಅಂತ ಕೇಳಿದರೆ, ಹಳೇ ಮಹಾರಾಜರು ಯಾರೋ ಇರಬೇಕು ಅನ್ನೋರೂ ಇದ್ದಾರೆ. ಪಕ್ಕದಲ್ಲೇ ದೇವರಾಜ ಮಾರ್ಕೆಟ್ಟು ಇರೋದು ಗೊಂದಲಕ್ಕೆ ಇನ್ನಷ್ಟು ಒಗ್ಗರಣೆ. ಮಾರ್ಕೆಟ್ಟಿನ ದೇವರಾಜರೇ ಬೇರೆ, ಅವರು ಒಡೆಯರ ವಂಶದವರು. ರಸ್ತೆಯ ದೇವರಾಜ ಅರಸು ಅದೇ ಹುಡುಗರ ಸೀಮೆಯವರು, ಹುಣಸೂರು ತಾಲ್ಲೂಕು ಕಲ್ಲಹಳ್ಳಿಯವರು. ಸಿಂಹಾಸನ ಏರಿದವರಲ್ಲ, ವೋಟು ಕೇಳಿ ಗೆದ್ದವರು.

ಹುಟ್ಟಿದ್ದು 1915ರ ಆಗಸ್ಟ್ 20. ಅರಸು ಮನೆತನಗಳಿಗೂ ಅರಮನೆಗೂ ಕೊಟ್ಟು ತಂದ ಸಂಬಂಧ ಹಿಂದಿನಿಂದ ಬಂದದ್ದು. ಆದರೆ ನಂಟು ಇದ್ದ ಮಾತ್ರಕ್ಕೆ ಎಲ್ಲ ಅರಸು ಮನೆಗಳಲ್ಲೂ ಬೆಳ್ಳಿ ತಟ್ಟೆ ಇತ್ತು ಅಂದುಕೊಳ್ಳಬೇಡಿ. ಕಲ್ಲಹಳ್ಳಿಯ ಮನೆ ಜಮೀನು ನಂಬಿದ ಮನೆ. ಇವರ ತಮ್ಮ ಕೆಂಪರಾಜ ಅರಸು ಮುಂದೆ ಸಿನಿಮಾ ಕಡೆ ಹೋಗಿ ನಟ, ನಿರ್ದೇಶಕ ಆಗಿ ಹೆಸರು ಮಾಡಿದರು. ಅಣ್ಣ ಆರಿಸಿಕೊಂಡದ್ದು ಬೇರೆ ರಂಗ.

ಆಗ ಮೈಸೂರಿನಲ್ಲಿ ಅರಸು ಹುಡುಗರಿಗಾಗಿಯೇ ಒಂದು ಬೋರ್ಡಿಂಗ್ ಸ್ಕೂಲ್ ಇತ್ತು. ಮಹಾರಾಜರ ಕೃಪೆಯಿಂದ ನಡೆದದ್ದು. ಹಳ್ಳಿಯಲ್ಲಿ ಚದುರಿದ್ದ ಅರಸು ಮಕ್ಕಳಿಗೆ ಊಟ, ವಸತಿ, ಪಾಠ ಕೊಟ್ಟು, ಮುಂದೆ ಜವಾಬ್ದಾರಿ ಸ್ಥಾನಗಳಿಗೆ ತಯಾರು ಮಾಡೋದು ಅದರ ಉದ್ದೇಶ. ದೇವರಾಜ ಅಲ್ಲಿ ಓದಿದರು. ಮುಂದಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮೈಸೂರಿನ ಹುಡುಗ ಬೆಂಗಳೂರಿಗೆ ಯಾಕೆ ಹೋದ ಅಂದರೆ, ಆ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆರ್ಟ್ಸ್ ಓದೋರಿಗೆ ಇಲ್ಲಿನ ಮಹಾರಾಜಾ ಕಾಲೇಜು, ಸೈನ್ಸ್ ಓದೋರಿಗೆ ಅಲ್ಲಿನ ಸೆಂಟ್ರಲ್ ಕಾಲೇಜು. ಇವರು ಬಿ.ಎಸ್ಸಿ. ಮಾಡಿಕೊಂಡರು.

ಬಿ.ಎಸ್ಸಿ. ಅಂದರೆ ಆಗ ಸಣ್ಣ ಮಾತೇ ಸ್ವಾಮಿ? ಅದರ ಜೊತೆಗೆ ಅರಮನೆಯ ನಂಟೂ ಇತ್ತು. ಕುರ್ಚಿ ಮೇಲೆ ಕೂತು ಸಂಬಳ ಎಣಿಸೋ ದಾರಿ ಕಣ್ಣೆದುರಿಗೇ ಇತ್ತು. ಆದರೆ ಅರಸು ವಾಪಸ್ ಕಲ್ಲಹಳ್ಳಿಗೆ ಬಂದು ವ್ಯವಸಾಯಕ್ಕೆ ನಿಂತರು. ನನ್ನ ಲೆಕ್ಕದಲ್ಲಿ ಅವರ ನಿಜವಾದ ಕಾಲೇಜು ಶುರುವಾದದ್ದು ಅಲ್ಲಿ. ಮಳೆ ಕೈಕೊಟ್ಟರೆ ಏನಾಗುತ್ತೆ, ಸಾಲ ಬಡ್ಡಿ ಹೇಗೆ ಬೆಳೆಯುತ್ತೆ, ಬೇರೆಯವರ ಜಮೀನು ಉಳೋನಿಗೆ ಕಣದಲ್ಲಿ ಎಷ್ಟು ಉಳಿಯುತ್ತೆ, ಜೀತದಾಳು ಅಂದರೆ ಏನು, ಇದನ್ನೆಲ್ಲ ಸೆಂಟ್ರಲ್ ಕಾಲೇಜಿನ ಲ್ಯಾಬೊರೇಟರಿಯಲ್ಲಿ ಹೇಳಿಕೊಡೋರು ಯಾರು?

ದಸರಾ ಸಭೆಯ ಹುಡುಗ ಮೆಂಬರು

1941ರಲ್ಲಿ ಅರಸು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದರು. ವಯಸ್ಸು ಇನ್ನೂ 26. ಈ ಸಭೆ 1881ರಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ ಶುರುವಾದದ್ದು, ದಸರಾ ಹೊತ್ತಿಗೆ ಸೇರೋದು ವಾಡಿಕೆ. ಊರಿನ ಕೆರೆ, ರಸ್ತೆ, ಕಂದಾಯ ಅಂತ ಮೆಂಬರುಗಳು ಅಹವಾಲು ಹೇಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ಸರ್ಕಾರವನ್ನ ಕೆಳಗಿಳಿಸೋ ಹಾಗಿರಲಿಲ್ಲ. ದಿವಾನರು ಜವಾಬು ಕೊಡಬೇಕಾದದ್ದು ಮಹಾರಾಜರಿಗೆ, ಪ್ರಜೆಗಳಿಗಲ್ಲ. ವೋಟು ಕೂಡ ಎಲ್ಲರಿಗೂ ಇರಲಿಲ್ಲ. ಆಸ್ತಿ, ಕಂದಾಯ ನೋಡಿ ಕೊಡುತ್ತಿದ್ದರು. ಮಿರ್ಜಾ ಇಸ್ಮಾಯಿಲ್ ಸಾಹೇಬರು ದಿವಾನಗಿರಿ ಬಿಟ್ಟ ವರ್ಷವೂ ಅದೇ 1941.

ಅರಸು ಕಾಂಗ್ರೆಸ್ಸಿನ ಮನುಷ್ಯರಾದರು. ಅರಮನೆಗೆ ನಂಟರಾದ ಸಮುದಾಯದ ಹುಡುಗ, ಅರಮನೆಯ ಅಧಿಕಾರ ಜನರ ಕೈಗೆ ಬರಬೇಕು ಅನ್ನೋ ಪಕ್ಷಕ್ಕೆ ಸೇರಿದ್ದು ಮನೆ ಒಳಗೂ ಹೊರಗೂ ಸಲೀಸಾದ ವಿಷಯ ಆಗಿರಲಾರದು. 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. 1952ರ ಮೊದಲ ಮಹಾಚುನಾವಣೆಯಲ್ಲಿ ಅರಸು ಹುಣಸೂರಿನಿಂದ ಶಾಸಕರಾದರು. 1957ರಲ್ಲಿ ಮತ್ತೆ ಗೆದ್ದರು. 1962ರಲ್ಲಂತೂ ಎದುರಾಳಿಯೇ ಇಲ್ಲದೆ ಆಯ್ಕೆ. 1967ರಲ್ಲಿ ಮತ್ತೊಮ್ಮೆ. ಹುಣಸೂರಿನವರು ಕೈ ಬಿಡಲಿಲ್ಲ.

ಆದರೆ ಶಾಸಕರಾಗಿ ಹತ್ತು ವರ್ಷ ಕಳೆದರೂ ಮಂತ್ರಿಗಿರಿ ಇಲ್ಲ. ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ್ ಅಂತ ಅರಸರಿಗಿಂತ ಮೊದಲಿನ ಮುಖ್ಯಮಂತ್ರಿಗಳ ಹೆಸರು ಬೆರಳಲ್ಲಿ ಎಣಿಸಿ. ಒಂದೋ ಒಕ್ಕಲಿಗರು, ಇಲ್ಲಾ ಲಿಂಗಾಯತರು. 1956ರ ಏಕೀಕರಣದ ಮೇಲೆ ಲೆಕ್ಕ ಉತ್ತರದ ಕಡೆಗೆ ವಾಲಿತೇ ಹೊರತು ಈ ಎರಡರಿಂದ ಆಚೆಗೆ ಹೋಗಲಿಲ್ಲ. ಅರಸು ಸಮುದಾಯದವರೋ, ಎಣಿಸಿದರೆ ಒಂದು ಕ್ಷೇತ್ರವನ್ನೂ ತುಂಬದಷ್ಟು ಮಂದಿ. ಜಾತಿ ಬಲ ಇಲ್ಲದವನು ಸ್ನೇಹದ ಬಲದಲ್ಲೇ ಬದುಕಬೇಕು. ಪೈಪು ಸೇದುತ್ತಾ, ಎದುರಿಗಿದ್ದವನ ಮಾತು ಪೂರ್ತಿ ಕೇಳೋ ಅರಸರ ಅಭ್ಯಾಸ ಈ ಕಾಲದ್ದೇ ಇರಬೇಕು. 1962ರಲ್ಲಿ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾದರು. ಆಮೇಲಾಮೇಲೆ ಇಬ್ಬರಿಗೂ ಸರಿ ಬರಲಿಲ್ಲ.

1969ರ ಜೂಜು

1969ರಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ನಮ್ಮವರೇ ಆದ ನಿಜಲಿಂಗಪ್ಪ. ಪಕ್ಷದ ಅಧ್ಯಕ್ಷರು ಅವರೇ. ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಸರ್ಕಾರ. ಅಧಿಕಾರ, ದುಡ್ಡು, ಪಕ್ಷದ ಕಚೇರಿ ಎಲ್ಲ ಆ ಕಡೆ. ಬುದ್ಧಿ ಇದ್ದವರು ಅಲ್ಲೇ ಉಳಿದರು. ಅರಸು ಈ ಕಡೆ ಬಂದರು. ಅಂಗಡಿ ಇಟ್ಟವರಿಗೆ ಇದರ ಅರ್ಥ ಬೇಗ ಆಗುತ್ತೆ: ನಡೆಯುತ್ತಿದ್ದ ಪಾಲುಗಾರಿಕೆ ಬಿಟ್ಟು, ಬೋರ್ಡೂ ಇಲ್ಲದ ಹೊಸ ಮಳಿಗೆಗೆ ಬಂಡವಾಳ ಹಾಕಿದ ಹಾಗೆ.

ವ್ಯಾಪಾರ ಕುದುರಿತು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 27 ಸ್ಥಾನಗಳನ್ನೂ ಬಾಚಿತು. ಪಾಟೀಲರ ಸರ್ಕಾರ ಬಿತ್ತು, ರಾಷ್ಟ್ರಪತಿ ಆಡಳಿತ ಬಂತು. 1972ರ ವಿಧಾನಸಭೆಗೆ ಟಿಕೆಟ್ ಹಂಚೋವಾಗ ಅರಸು ಹಳೇ ಪಟ್ಟಿ ಪಕ್ಕಕ್ಕಿಟ್ಟು, ಹಿಂದುಳಿದವರು, ದಲಿತರು, ಸಣ್ಣ ಸಣ್ಣ ಜಾತಿಯ ಹುಡುಗರನ್ನ ಹುಡುಕಿದರು. 216ರಲ್ಲಿ 165 ಗೆದ್ದರು. ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್, ವೀರಪ್ಪ ಮೊಯಿಲಿ, ಗುಂಡೂರಾವ್ ಇವರೆಲ್ಲ ವಿಧಾನಸಭೆಯ ಮೆಟ್ಟಿಲು ಮೊದಲು ಹತ್ತಿದ್ದು ಆ ಚುನಾವಣೆಯಲ್ಲಿ. ತಮಾಷೆ ಅಂದರೆ ಟಿಕೆಟ್ ಹಂಚಿದವರು ತಾವು ನಿಂತಿರಲಿಲ್ಲ. 1972ರ ಮಾರ್ಚ್ 20ಕ್ಕೆ ಮುಖ್ಯಮಂತ್ರಿ ಆದಾಗ ಅರಸು ಶಾಸಕರಲ್ಲ. ಆಮೇಲೆ ಹುಣಸೂರಿನ ಉಪಚುನಾವಣೆಯಲ್ಲಿ ಗೆದ್ದು ಬಂದರು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಇವರ ಕಾಲದಲ್ಲೇ.

ಭೂಸುಧಾರಣೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾನೂನು ಹಿಂದೆಯೂ ಇತ್ತು, ಆದರೆ ತೂತುಗಳೇ ಜಾಸ್ತಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಗೇಣಿ ಜಮೀನು ಸರ್ಕಾರದ ವಶ, ಉಳೋನು ಫಾರಂ ನಂಬರ್ 7 ಹಾಕಿದರೆ ಹಕ್ಕು ಅವನಿಗೆ. ತೀರ್ಮಾನ ಮಾಡೋಕೆ ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಜೊತೆಗೆ ಸರ್ಕಾರ ನೇಮಿಸಿದ ಸ್ಥಳೀಯರು, ಅವರಲ್ಲೊಬ್ಬರು ಪರಿಶಿಷ್ಟರು. ವಕೀಲರಿಗೆ ಒಳಗೆ ಪ್ರವೇಶ ಇಲ್ಲ. ಇದೇ ನೋಡಿ ಮರ್ಮ. ಕೋರ್ಟು, ವಕೀಲರು, ಅಪೀಲು ಅಂತ ಎಳೆದರೆ ಗೇಣಿದಾರ ಎರಡನೇ ವಾಯಿದೆಗೇ ಸೋತು ಹೋಗ್ತಾನೆ ಅಂತ ಕಲ್ಲಹಳ್ಳಿ ಮನುಷ್ಯನಿಗೆ ಗೊತ್ತಿತ್ತು. ಹೆಚ್ಚು ಲಾಭ ಆದದ್ದು ನಮ್ಮ ಸೀಮೆಗಲ್ಲ, ಗೇಣಿ ಜಾಸ್ತಿ ಇದ್ದ ಕರಾವಳಿ, ಮಲೆನಾಡಿಗೆ. ಎಲ್ಲೆಡೆ ನ್ಯಾಯವೇ ಆಯ್ತು ಅಂತಲೂ ಅಲ್ಲ. ನಾಲ್ಕೆಕರೆ ಗೇಣಿಗೆ ಕೊಟ್ಟು ಅದರಲ್ಲೇ ಗಂಜಿ ಕುಡೀತಿದ್ದ ವಿಧವೆಯರೂ ಜಮೀನು ಕಳಕೊಂಡರು. ಆ ಸಂಕಟವನ್ನೂ ಲೆಕ್ಕಕ್ಕೆ ಹಿಡೀಬೇಕು.

1972ರಲ್ಲೇ ಎಲ್.ಜಿ. ಹಾವನೂರ್ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದರು. ವರದಿ 1975ರಲ್ಲಿ ಬಂತು. ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸೋಕೆ ಬಸವಲಿಂಗಪ್ಪನವರು ಹೊರಟಾಗ ಮುಖ್ಯಮಂತ್ರಿ ಇವರೇ.

ಹಾಗಂತ ಬರೀ ಹಾರ ಹಾಕಿ ಮುಗಿಸೋದು ಪತ್ರಿಕೆಯವರ ಕೆಲಸ ಅಲ್ಲ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನ ಬೆಂಗಳೂರು ಜೈಲಲ್ಲಿ ಇಟ್ಟಾಗ ರಾಜ್ಯದ ಯಜಮಾನರು ಅರಸು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಲ್ಲಿ ನವೆದು, ಬಿಡುಗಡೆಯಾದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ದುಡ್ಡಿನ ರಾಜಕೀಯ ಬೆಳೆಸಿದರು, ಬೇಕಾದವರಿಗೆ ಅನುಕೂಲ ಮಾಡಿಕೊಟ್ಟರು ಅನ್ನೋ ದೂರುಗಳ ಮೇಲೆ 1977ರಲ್ಲಿ ನ್ಯಾಯಮೂರ್ತಿ ಗ್ರೋವರ್ ಆಯೋಗ ಕೂತಿತು. ಅದು ಅವರನ್ನ ಪೂರ್ತಿ ತೊಳೆದು ಬಿಡಲಿಲ್ಲ. ಜಾತಿ ಬಲ ಇಲ್ಲದವನು ದುಡ್ಡಿನ ಬಲವಿಲ್ಲದೆ ಕುರ್ಚಿ ಉಳಿಸಿಕೊಳ್ಳಲಾರ ಅಂತ ಅರಸು ಅಭಿಮಾನಿಗಳು ಸಮಜಾಯಿಷಿ ಹೇಳೋದುಂಟು. ಸಮಜಾಯಿಷಿ ಅಷ್ಟೇ, ಉತ್ತರ ಅಲ್ಲ.

1977ರ ಕೊನೇ ದಿನ ಸರ್ಕಾರ ಹೋಯಿತು. ಎರಡೇ ತಿಂಗಳಲ್ಲಿ ಚುನಾವಣೆಗೆ ಹೋಗಿ 224ರಲ್ಲಿ 149 ಗೆದ್ದು ವಾಪಸ್ ಬಂದರು. ಅದೇ 1978ರ ನವೆಂಬರಿನಲ್ಲಿ ಸೋತು ಕೂತಿದ್ದ ಇಂದಿರಾ ಗಾಂಧಿಯವರನ್ನ ಚಿಕ್ಕಮಗಳೂರಿಗೆ ಕರೆತಂದು ಗೆಲ್ಲಿಸಿದರು. ಏಳೇ ತಿಂಗಳು! 1979ರ ಜೂನ್‌ಗೆ ಇಬ್ಬರ ದಾರಿ ಬೇರೆಯಾಯಿತು. 1980ರ ಜನವರಿ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಪಕ್ಷ ರಾಜ್ಯದ 28ರಲ್ಲಿ 27 ಗೆದ್ದಾಗ, ಅರಸರ ಬೆನ್ನ ಹಿಂದೆ ನಿಂತಿದ್ದ ಶಾಸಕರು ಒಬ್ಬೊಬ್ಬರಾಗಿ ಆ ಕಡೆ ನಡೆದರು. ಕುರ್ಚಿ ಮೇಲೆ ಬಂದು ಕೂತದ್ದು ಅರಸರೇ ಬೆಳೆಸಿದ ಗುಂಡೂರಾವ್.

ಕೊನೆಗೆ ಕ್ರಾಂತಿರಂಗ ಅಂತ ಹೊಸ ಪಕ್ಷ ಕಟ್ಟಿದರು. 1982ರ ಜೂನ್ 6ಕ್ಕೆ ತೀರಿಕೊಂಡರು, 67 ಕೂಡ ತುಂಬಿರಲಿಲ್ಲ. ಏಳು ತಿಂಗಳ ಮೇಲೆ, 1983ರ ಜನವರಿಯಲ್ಲಿ, ಅದೇ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿತು. ಮುಖ್ಯಮಂತ್ರಿ ಆದವರು ರಾಮಕೃಷ್ಣ ಹೆಗಡೆ. ಹುಣಸೂರಿನಿಂದ ಆ ಸಲ ಆರಿಸಿ ಹೋದದ್ದು ಅರಸರ ಮಗಳು ಚಂದ್ರಪ್ರಭಾ.