ಕಿಟ್ಟೆಲರ ವ್ಯಾಕರಣ ಸೇವೆ

ಕನ್ನಡ ನುಡಿಗೆ ತಮ್ಮ ಬಾಳನ್ನು ಮೀಸಲಿರಿಸಿದ ವಿದೇಶೀಯ ವಿದ್ವಾಂಸರಲ್ಲಿ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು ಅಗ್ರಗಣ್ಯರು. ಅವರು 1832ರ ಏಪ್ರಿಲ್ 7ರಂದು ಜರ್ಮನಿಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಬಾಸೆಲ್ ಮಿಷನ್ನಿನಲ್ಲಿ ಶಿಕ್ಷಣ ಪಡೆದು, 1853ರಲ್ಲಿ ಭಾರತಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಮೊದಲಾದ ಸ್ಥಳಗಳು ಅವರ ಕಾರ್ಯಕ್ಷೇತ್ರಗಳಾದವು.

ಧರ್ಮಪ್ರಚಾರಕ್ಕೆಂದು ಬಂದ ತರುಣನಿಗೆ ಮೊದಲು ಜನರ ಮಾತು ತಿಳಿಯಬೇಕಾಗಿತ್ತು. ಆದರೆ ಕನ್ನಡದ ವಾಕ್ಯರಚನೆಯು ಅವರು ಬಲ್ಲ ಭಾಷೆಗಳಿಗಿಂತ ತೀರ ಭಿನ್ನವಾಗಿತ್ತು. ಇಂಗ್ಲಿಷಿನಲ್ಲಿಯೂ ಜರ್ಮನ್ ಭಾಷೆಯಲ್ಲಿಯೂ ಸಂಬಂಧವನ್ನು ಸೂಚಿಸುವ ಪದವು ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುತ್ತದೆ. ಇದನ್ನೇ ಇಂಗ್ಲಿಷ್ ವ್ಯಾಕರಣದಲ್ಲಿ ಪ್ರಿಪೊಸಿಷನ್ ಎನ್ನುವರು. ಮೊದಲು ಇರಿಸಿದುದು ಎಂಬುದೇ ಆ ಹೆಸರಿನ ಅರ್ಥ. ಕನ್ನಡದಲ್ಲಿಯಾದರೋ ಆ ಕೆಲಸವನ್ನು ನಾಮಪದದ ಅನಂತರ ಬರುವ ವಿಭಕ್ತಿಪ್ರತ್ಯಯಗಳೂ, ಮೇಲೆ, ಕೆಳಗೆ ಮುಂತಾದ ಪದಗಳೂ ಮಾಡುತ್ತವೆ.

ಕಾರ್ಮಿಕನೊಬ್ಬನು ಹರಿಹರದಿಂದ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶಕ್ಕೆ ಹೊರಟನೆಂದು ಭಾವಿಸೋಣ. ಹರಿಹರದಿಂದ ಎಂಬಲ್ಲಿ ‘ಇಂದ’ ಎಂಬ ಪ್ರತ್ಯಯವು ಊರಿನ ಹೆಸರಿನ ಕೊನೆಗೆ ಸೇರಿದೆ. ಕರೂರಿಗೆ ಎಂಬಲ್ಲಿ ‘ಇಗೆ’ ಪ್ರತ್ಯಯವೂ ಹಾಗೆಯೇ ಸೇರುತ್ತದೆ. ಇಂಗ್ಲಿಷಿನಲ್ಲಿ ಇವು ‘ಫ್ರಮ್ ಹರಿಹರ್’, ‘ಟು ಕರೂರ್’ ಎಂದಾಗುತ್ತವೆ. ಇಲ್ಲಿ ‘ಫ್ರಮ್’ ಮತ್ತು ‘ಟು’ ಎಂಬುವು ಪ್ರಿಪೊಸಿಷನ್‌ಗಳು. ಅವು ತಮ್ಮ ಮುಂದಿನ ನಾಮಪದದೊಡನೆ ಕೂಡಿ ಆಗುವ ಪದಸಮೂಹವೇ ಪ್ರಿಪೊಸಿಷನಲ್ ಫ್ರೇಸ್. ಮೇಜಿನ ಮೇಲೆ ಎಂಬುದು ‘ಆನ್ ದ ಟೇಬಲ್’ ಆಗುವಾಗ ಕೊನೆಯ ಪದವೇ ಮೊದಲಿಗೆ ಬರುತ್ತದೆ.

ಪರಭಾಷೆಯನ್ನು ತನ್ನ ಭಾಷೆಯ ಅಚ್ಚಿನಲ್ಲಿ ಎರಕ ಹೊಯ್ಯುವುದು ಸುಲಭ. ಕಿಟ್ಟೆಲರು ಹಾಗೆ ಮಾಡಲಿಲ್ಲ. ಕನ್ನಡದ ನಿಯಮಗಳನ್ನು ಕನ್ನಡದ ವೈಯಾಕರಣರಿಂದಲೇ ಅರಿಯಬೇಕೆಂದು, ಹದಿಮೂರನೆಯ ಶತಮಾನದ ಕೇಶಿರಾಜನಿಗೆ ಶಿಷ್ಯರಾದರು. ಅವನ ಶಬ್ದಮಣಿದರ್ಪಣವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಹೊರತಂದರು.

ಅನಂತರ ಅವರು ಕೈಗೊಂಡ ಮಹಾಕಾರ್ಯವೇ ಕನ್ನಡ–ಇಂಗ್ಲಿಷ್ ನಿಘಂಟು. ಓಲೆಗರಿಗಳಿಂದಲೂ ಕಾವ್ಯಗಳಿಂದಲೂ ಜನರ ಆಡುಮಾತಿನಿಂದಲೂ ಶಬ್ದಗಳನ್ನು ಆರಿಸಿ, ಪಂಡಿತರೊಡನೆ ಚರ್ಚಿಸಿ, ಒಂದೊಂದರ ಅರ್ಥವನ್ನೂ ನಿಷ್ಕರ್ಷಿಸಿದರು. ದೀರ್ಘಕಾಲದ ಈ ಪರಿಶ್ರಮದಿಂದ ಅವರ ಆರೋಗ್ಯ ಕುಂದಿತು, ಕಣ್ಣುಗಳು ದಣಿದವು. ಆದರೂ ಹಿಡಿದ ಕೆಲಸವನ್ನು ಬಿಡಲಿಲ್ಲ. ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಈ ಸಾಧನೆಯನ್ನು ಮನ್ನಿಸಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ವೃದ್ಧಾಪ್ಯದಲ್ಲಿ ಸ್ವದೇಶದಲ್ಲಿದ್ದರೂ ಅವರ ಮನಸ್ಸು ಕನ್ನಡದಲ್ಲಿಯೇ ನೆಲೆಸಿತ್ತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಅದಕ್ಕೆ ಕೇಶಿರಾಜನ ಗ್ರಂಥವೇ ಮುಖ್ಯ ಆಧಾರವಾಗಿತ್ತು. 1903ರಲ್ಲಿ ಆ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ 18ರಂದು ಟ್ಯೂಬಿಂಗನ್ನಿನಲ್ಲಿ ಕಿಟ್ಟೆಲರು ದಿವಂಗತರಾದರು.

ಇಂಗ್ಲಿಷ್ ಕಲಿಯುವ ಕನ್ನಡದ ವಿದ್ಯಾರ್ಥಿಯು ಕಿಟ್ಟೆಲರು ನಡೆದ ದಾರಿಯಲ್ಲಿಯೇ ಎದುರು ದಿಕ್ಕಿನಿಂದ ಬರುತ್ತಾನೆ. ನಾಮಪದದ ಕೊನೆಯಲ್ಲಿ ತಾನು ಕಂಡು ಬೆಳೆದ ಸಂಬಂಧವನ್ನು ಅವನು ಅದರ ಮೊದಲಲ್ಲಿ ಹುಡುಕಬೇಕಾಗುತ್ತದೆ. ಪ್ರತಿಯೊಂದು ಭಾಷೆಯನ್ನೂ ಅದರ ನಿಯಮದಂತೆಯೇ ಗೌರವಿಸಿ ಕಲಿಯಬೇಕೆಂಬುದೇ ಆ ಮಹನೀಯರ ಬಾಳು ಅವನಿಗೆ ನೀಡುವ ಪಾಠವಾಗಿದೆ.